ಒಂದೂವರೆ ನಕ್ಷತ್ರದಲ್ಲಿ ಹುಟ್ಟಿದ ಸಿನಿಮಾ

ಮೈಸೂರಿನವರಾದ ನಾವು ನಕ್ಷತ್ರದ ವಿಷಯದಲ್ಲಿ ಮೊದಲಿನಿಂದಲೂ ಜಾಗರೂಕರು. ಒಂಟಿಕೊಪ್ಪಲಿನ ಪಂಚಾಂಗವನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ, ಹೆಣ್ಣು ನೋಡಲು ಹೊರಡುವುದರಿಂದ ಹಿಡಿದು ಹುಳುಕು ಹಲ್ಲು ಕೀಳಿಸುವವರೆಗೆ ಅದನ್ನು ಕೇಳದೆ ಹೊಸ್ತಿಲು ದಾಟದ ಮನೆಗಳು ನಮ್ಮವು. 27 ನಕ್ಷತ್ರ, ಒಂದೊಂದಕ್ಕೆ 4 ಪಾದದಂತೆ 108 ಪಾದ. ಹುಟ್ಟಿದವನ ಹಣೆಬರಹವೆಲ್ಲ ಇಷ್ಟರೊಳಗೇ ಎಂದು ನೆಮ್ಮದಿಯಿಂದಿದ್ದ ನಮ್ಮ ನಡುವೆ ಈಚೆಗೆ ಇನ್ನೊಂದು ನಕ್ಷತ್ರ ಬಂದು ಸೇರಿಕೊಂಡಿದೆ. (ಅಭಿಜಿತ್ತನ್ನೂ ಲೆಕ್ಕಕ್ಕೆ ಹಿಡಿಯುವವರು ಇದನ್ನು ಇಪ್ಪತ್ತೊಂಬತ್ತನೆಯದೆಂದು ತಿಳಿಯತಕ್ಕದ್ದು.) ಇದು ಆಕಾಶದಲ್ಲಿ ಕಾಣುವುದಿಲ್ಲ, ಅಂಗೈಯೊಳಗಿನ ಮೊಬೈಲಿನಲ್ಲಿ, ಸಿನಿಮಾದ ಹೆಸರಿನ ಕೆಳಗೆ, ಹಳದಿ ಬಣ್ಣದಲ್ಲಿ, ಐದರ ಸಾಲಾಗಿ ಉದಯಿಸುತ್ತದೆ. ನಾಲ್ಕು ತುಂಬಿದ್ದರೆ ಕುಟುಂಬಸಮೇತ ಹೊರಡಬಹುದು. ಮೂರಿದ್ದರೆ ಯಜಮಾನ ಒಬ್ಬನೇ ಹೋಗಿಬರಬಹುದು. ಅದಕ್ಕಿಂತ ಕೆಳಗಿಳಿದರೆ, ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ನಮ್ಮ ಹಿರಿಯರು ಕೊಡುತ್ತಿದ್ದ ಮರ್ಯಾದೆಯೇ ಆ ಚಿತ್ರಕ್ಕೂ: ಅದರ ಮುಖ ನೋಡುವ ಮೊದಲೇ ಎಲ್ಲರ ಮನೆಯಲ್ಲೂ ಬೇಡವೆಂದು ತೀರ್ಮಾನವಾಗಿರುತ್ತದೆ.

ನಾನು ಮನಸೋತದ್ದು ಒಂದೂವರೆ ನಕ್ಷತ್ರದ ಸಿನಿಮಾಕ್ಕೆ. ಜ್ಯೋತಿಷ್ಯದ ಲೆಕ್ಕದಲ್ಲಿ ಹೇಳುವುದಾದರೆ ಆರು ಪಾದ.

ತಪ್ಪು ನನ್ನದಲ್ಲ, ಮೊಬೈಲಿನದು. ಆ ವಾರ ಅದು ಗಾಜು ಒಡೆದುಕೊಂಡು ರಿಪೇರಿ ಅಂಗಡಿಯಲ್ಲಿ ಮಲಗಿತ್ತು. ಕೈಯಲ್ಲಿ ಅದಿಲ್ಲದ ಮನುಷ್ಯನಿಗೆ ಎಂತೆಂಥ ದುರ್ಬುದ್ಧಿ ಬರಬಹುದೆಂಬುದಕ್ಕೆ ನಾನೇ ಸಾಕ್ಷಿ: ಗೋಡೆಯ ಮೇಲಿನ ಪೋಸ್ಟರನ್ನು ನೋಡಿ, ಯಾರನ್ನೂ ಕೇಳದೆ, ಶುಕ್ರವಾರ ಬೆಳಿಗ್ಗೆ ಹತ್ತೂವರೆಯ ಆಟಕ್ಕೆ ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ ಕುಳಿತುಬಿಟ್ಟೆ. 2020ರಲ್ಲಿ ಶಾಂತಲಾ ಬಾಗಿಲು ಹಾಕಿದ ಮೇಲೆ ನಮ್ಮೂರಿನಲ್ಲಿ ಇನ್ನೂ ಉಸಿರು ಹಿಡಿದುಕೊಂಡಿರುವ ಹಳೆಯ ಚಿತ್ರಮಂದಿರಗಳಲ್ಲಿ ಅದೂ ಒಂದು. ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡರವರೆಗೆ. ಹೊಸ ಚಿತ್ರಗಳು ತೆರೆ ಕಾಣುವುದೂ ಬಹುಪಾಲು ಶುಕ್ರವಾರ ಬೆಳಿಗ್ಗೆಯೇ. ಎಲ್ಲ ಚಿತ್ರಗಳ ಮೊದಲಾರ್ಧದ ಮೇಲೂ ವಿಮರ್ಶಕರು ಒಂದೇ ಬಗೆಯ ದೂರು ಹೇಳುವುದಕ್ಕೆ ಇದೇ ಕಾರಣವಿರಬೇಕೆಂದು ನನ್ನ ಪತ್ನಿ ಆಮೇಲೆ ಊಹಿಸಿದಳು.

ಆ ಚಿತ್ರದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಓದುಗರು ಈ ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಅಂಕ ನೋಡಲು ಹೋಗುತ್ತಾರೆಂಬುದು ಗೊತ್ತು. ಕಥೆಯನ್ನು ಮಾತ್ರ ಹೇಳುತ್ತೇನೆ. ಮಂಡ್ಯದ ಕಡೆಯ ಒಂದು ಹಳ್ಳಿಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಅಪ್ಪನದು ಹಳೆಯ ಕಾಲದ ಹಾರನ್ನು, ಮಗನದು ಹೊಸ ಕಾಲದ ಡಿಜೆ. ಊರ ಸಿರಿವಂತನಿಗೆ ಅಂಗಡಿಯ ಜಾಗ ಬೇಕು. ಸಿರಿವಂತನ ಮಗಳಿಗೆ ನಾಯಕ ಬೇಕು. ಕಬ್ಬಿನ ಗದ್ದೆಯಲ್ಲಿ ಒಂದು ಹಾಡು, ಕಾರಣವಿಲ್ಲದೆ ವಿದೇಶದಲ್ಲಿ ಇನ್ನೊಂದು ಹಾಡು, ಮಳೆಯಲ್ಲಿ ಮೂವತ್ತು ಜನರನ್ನು ನಾಯಕ ಧ್ವನಿವರ್ಧಕದ ಹಾರನ್ನಿನಿಂದಲೇ ಬಡಿಯುವ ಒಂದು ಹೊಡೆದಾಟ. ಸಿಡಿಲು ಬಡಿದಾಗ ಮಾತು ಕಳೆದುಕೊಂಡಿದ್ದ ಅಜ್ಜಿಗೆ ಕೊನೆಯಲ್ಲಿ ಇನ್ನೊಂದು ಸಿಡಿಲು ಬಡಿದು ಮಾತು ಬರುತ್ತದೆ. ಇದನ್ನೆಲ್ಲ ಒಳ್ಳೆಯ ಸಿನಿಮಾ ಎಂದು ಸಾಧಿಸಲು ಹೊರಡುವಷ್ಟು ವಯಸ್ಸಿನ ದೋಷ ನನಗಿನ್ನೂ ತಗುಲಿಲ್ಲ.

ಆದರೆ ಎರಡನೆಯ ಅರ್ಧದಲ್ಲಿ ಒಂದು ದೃಶ್ಯವಿದೆ. ಜಾತ್ರೆಯ ಹಿಂದಿನ ಸಂಜೆ ಅಪ್ಪ ಒಬ್ಬನೇ ಖಾಲಿ ಮೈದಾನದಲ್ಲಿ ಹಾರನ್ನು ಕಟ್ಟಿ, ವೈರು ಎಳೆದು, ಮೈಕನ್ನು ಎರಡು ಸಲ ಬೆರಳಿನಿಂದ ತಟ್ಟಿ, ಎಲ್ಲ ಮೈಕ್‌ಸೆಟ್‌ನವರೂ ಹೇಳುವಂತೆ ‘ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ’ ಎನ್ನುತ್ತಾನೆ. ಮೂರಾದ ಮೇಲೆ ಏನು ಹೇಳಬೇಕೆಂದು ತೋಚದೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾನೆ. ನಲವತ್ತು ವರ್ಷ ಊರವರ ಮದುವೆ, ಸಾವು, ಚುನಾವಣೆಗಳನ್ನೆಲ್ಲ ಕೂಗಿ ಹೇಳಿದ ಆ ಮೈಕಿಗೆ ತನ್ನದೇ ಆದ ಒಂದು ಮಾತನ್ನೂ ಆಡಿರದವನು, ಕೊನೆಗೆ ಸತ್ತುಹೋದ ಹೆಂಡತಿಯ ಹೆಸರು ಹಿಡಿದು, ‘ಊಟ ಆಯ್ತೇನೇ?’ ಎಂದು ಕೇಳುತ್ತಾನೆ. ಆ ಮಾತು ಕೆರೆಯ ಏರಿಗೆ ತಗುಲಿ ಹಿಂದಕ್ಕೆ ಬರುತ್ತದೆ. ಅಷ್ಟೇ. ಹೆಚ್ಚೆಂದರೆ ಒಂದು ನಿಮಿಷ. ನನ್ನ ಎದುರು ಸಾಲಿನಲ್ಲಿ ಅಲ್ಲಿಯವರೆಗೆ ಶಿಳ್ಳೆ ಹೊಡೆಯುತ್ತಿದ್ದವನು ಬೆರಳನ್ನು ಬಾಯಲ್ಲೇ ಇಟ್ಟುಕೊಂಡು ಕುಳಿತಿದ್ದ.

ವಿಮರ್ಶೆಗಳನ್ನು ನಾನು ಓದಿದ್ದು ಭಾನುವಾರ, ಮೊಬೈಲು ಮನೆಗೆ ಮರಳಿದ ಮೇಲೆ. ಅವುಗಳಲ್ಲಿ ಒಂದು ಈ ದೃಶ್ಯವನ್ನು ಹೆಸರಿಸಿ, ಕಥೆಗೆ ಸಂಬಂಧವಿಲ್ಲದ ಇಂಥ ಭಾಗಗಳಿಗೆ ಕತ್ತರಿ ಹಾಕಿದ್ದರೆ ಹತ್ತು ನಿಮಿಷ ಉಳಿಯುತ್ತಿತ್ತೆಂದು ಲೆಕ್ಕ ಕೊಟ್ಟಿತ್ತು. ಉಳಿದ ಆ ಹತ್ತು ನಿಮಿಷದಲ್ಲಿ ಏನು ಮಾಡಬೇಕೆಂದು ಮಾತ್ರ ತಿಳಿಸಿರಲಿಲ್ಲ.

ಅಷ್ಟರಲ್ಲಾಗಲೇ ನಾನು ಒಂದು ಪರೀಕ್ಷೆಗೆ ಕುಳಿತು ಅನುತ್ತೀರ್ಣನಾಗಿದ್ದೆ. ಮೊದಲ ದಿನ ಆಟ ಬಿಟ್ಟು ಹೊರಗೆ ಬರುತ್ತಿದ್ದಂತೆ ಗೇಟಿನ ಬಳಿ ಕೈಯಲ್ಲಿ ಮೈಕು ಹಿಡಿದ ಹುಡುಗನೊಬ್ಬ ಜನರನ್ನು ಒಬ್ಬೊಬ್ಬರನ್ನಾಗಿ ತಡೆಯುತ್ತಿದ್ದ. ಈ ಹುಡುಗರ ಮುಂದೆ ಆಡಬೇಕಾದ ಮಾತುಗಳು ನಮ್ಮ ಜನಕ್ಕೆ ಮಂತ್ರಪುಷ್ಪದಂತೆ ಬಾಯಿಪಾಠವಾಗಿವೆ: ‘ಫಸ್ಟ್ ಹಾಫ್ ಸ್ವಲ್ಪ ಲ್ಯಾಗ್, ಸೆಕೆಂಡ್ ಹಾಫ್ ಬೆಂಕಿ, ಬಿಜಿಎಂ ಸೂಪರ್, ಒಂದ್ಸಲ ನೋಡಬಹುದು.’ ಯಾವ ಚಿತ್ರಕ್ಕಾದರೂ ಹೊಂದುವ ಈ ವಾಕ್ಯವನ್ನು ಹೇಳಿದವನು ಕ್ಷೇಮವಾಗಿ ಸ್ಕೂಟರ್ ಸ್ಟ್ಯಾಂಡ್ ತಲುಪುತ್ತಾನೆ. ನನಗೆ ಅದು ಹೊಳೆಯಲಿಲ್ಲ.

‘ಸಾರ್, ಸಿನಿಮಾ ಹೇಗಿದೆ ಸಾರ್?’

‘ನನಗೆ ಬಹಳ ಇಷ್ಟವಾಯಿತಪ್ಪ.’

‘ಅದು ಸರಿ ಸಾರ್, ಐದಕ್ಕೆ ಎಷ್ಟು?’

ದೇವರಾಜ ಮಾರುಕಟ್ಟೆಯಲ್ಲಿ ನಿಂಬೆಹಣ್ಣಿನ ಗುಡ್ಡೆಯ ಮುಂದೆ ನಿಂತು ನಾನು ಜೀವಮಾನವೆಲ್ಲ ಕೇಳಿದ ಪ್ರಶ್ನೆಯನ್ನು ಮೊದಲ ಬಾರಿಗೆ ಇನ್ನೊಬ್ಬರು ನನಗೆ ಕೇಳಿದ್ದರು. ಉತ್ತರ ತಿಳಿಯದೆ, ಅಪ್ಪ ಮೈಕಿನ ಮುಂದೆ ನಿಲ್ಲುವ ಆ ದೃಶ್ಯವನ್ನು ವಿವರಿಸತೊಡಗಿದೆ. ಹುಡುಗ ಸಂಕಟದಿಂದ ನನ್ನನ್ನು ನೋಡಿದ. ‘ಸಾರ್, ಆ ಸೀನು ನಾನು ನೋಡಿಲ್ಲ. ಇಂಟರ್ವಲ್‌ನಲ್ಲೇ ರಿವ್ಯೂ ಹಾಕಿಬಿಟ್ಟೆ. ಮಧ್ಯಾಹ್ನಕ್ಕೆ ಇನ್ನೊಂದು ಪಿಕ್ಚರ್ ಇದೆ,’ ಎಂದ. ಅವನ ಕಷ್ಟ ಅವನಿಗೆ. ಒಂದೇ ಶುಕ್ರವಾರ ಐದಾರು ಚಿತ್ರಗಳು ಬಂದರೆ ಆ ಮಗು ತಾನೇ ಏನು ಮಾಡೀತು! ಅರ್ಧ ಸಿನಿಮಾ ನೋಡಿದ್ದಕ್ಕೆ ಪೂರ್ತಿ ಒಂದೂವರೆ ಕೊಟ್ಟಿದ್ದಾನೆಂದರೆ, ನಿಜ ಹೇಳಬೇಕೆಂದರೆ ಅವನದು ಉದಾರ ಮನಸ್ಸು.

ಸೋಮವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸುದ್ದಿ ಹರಡಿತು. ನಮ್ಮ ನಡಿಗೆಯ ಗುಂಪಿನಲ್ಲಿರುವವರೆಲ್ಲ ನಿವೃತ್ತರು, ಓದಿಕೊಂಡವರು, ಹೃದಯಕ್ಕೆ ಒಂದೊಂದು ಸ್ಟೆಂಟ್ ಹಾಕಿಸಿಕೊಂಡವರು. ಅವರಲ್ಲೊಬ್ಬ ಮೇಷ್ಟ್ರು, ಮಹಾರಾಜರ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಮಾತ್ರ ಬರುವ ಧ್ವನಿಯಲ್ಲಿ, ‘ಎಷ್ಟು ಹೊತ್ತಿಗೆ ಎದ್ದು ಬಂದಿರಿ?’ ಎಂದು ಕೇಳಿದರು. ಕೊನೆಯವರೆಗೂ ಕುಳಿತಿದ್ದೆನೆಂದೂ, ಇನ್ನೊಮ್ಮೆ ಹೋಗುವ ಯೋಚನೆಯಿದೆಯೆಂದೂ ಹೇಳಿದೆ. ಗುಂಪು ನಿಂತುಬಿಟ್ಟಿತು. ಎದುರಿಗೆ ಹಾವು ದಾಟಿದಾಗಲೂ ವೈದ್ಯರ ಆಜ್ಞೆಯ ಭಯದಿಂದ ನಡೆಯುತ್ತಲೇ ಇದ್ದ ಗುಂಪದು.

‘ಮನೆಯಲ್ಲಿ ಎಲ್ಲ ಸರಿಯಾಗಿದೆ ತಾನೆ?’ ಎಂದು ಒಬ್ಬರು ಮೆಲ್ಲಗೆ ವಿಚಾರಿಸಿದರು.

ಮೇಷ್ಟ್ರು ನನ್ನ ಹೆಗಲ ಮೇಲೆ ಕೈಯಿಟ್ಟು ಪಾರಾಗುವ ದಾರಿಯನ್ನು ತೋರಿಸಿದರು. ಅದು ಬಹಳ ಸೂಕ್ಷ್ಮವಾದ ದಾರಿ. ಕೆಟ್ಟ ಸಿನಿಮಾವನ್ನು ಇಷ್ಟಪಡಲು ವಿದ್ಯಾವಂತರಿಗೆ ಅಡ್ಡಿಯೇನಿಲ್ಲವಂತೆ; ಆದರೆ ಅದು ಎಷ್ಟು ಕೆಟ್ಟದಾಗಿದೆಯೆಂದು ನಗುವುದಕ್ಕಾಗಿ ಇಷ್ಟಪಟ್ಟೆ ಎನ್ನಬೇಕಂತೆ. ಹಾಗೆಂದರೆ ಅಭಿರುಚಿ ಉಳಿಯುತ್ತದೆ, ಟಿಕೆಟಿನ ಹಣವೂ ವಸೂಲಾಗುತ್ತದೆ. ಕಣ್ಣಲ್ಲಿ ನೀರು ಬಂತೆಂದು ಮಾತ್ರ ಎಲ್ಲೂ ಬಾಯಿಬಿಡಬಾರದು. ‘ನೀವು ನೋಡಿದಿರಾ ಮೇಷ್ಟ್ರೇ?’ ಎಂದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ‘ನೋಡುವುದೇಕೆ? ಓದಿದ್ದೇನಲ್ಲ!’

ಅದೇ ಗುಂಪು ನಡಿಗೆ ಮುಗಿಸಿ ನಜರ್‌ಬಾದಿನ ಮೈಲಾರಿಯಲ್ಲಿ ದೋಸೆಗೆ ಕುಳಿತಾಗ, ಬೆಣ್ಣೆ ಕರಗುವ ಮೊದಲು ಯಾರೂ ಮೊಬೈಲು ತೆಗೆದು ದೋಸೆ ರುಚಿಯಾಗಿದೆಯೇ ಎಂದು ವಿಚಾರಿಸಲಿಲ್ಲ. ನಾಲಿಗೆಯನ್ನು ನಂಬುವವರು ಕಣ್ಣನ್ನು ಏಕೆ ನಂಬುವುದಿಲ್ಲವೆಂದು ಕೇಳಬೇಕೆಂದಿದ್ದೆ. ಎರಡನೆಯ ದೋಸೆ ಬಂತು, ಸುಮ್ಮನಾದೆ.

ಹಾಗೆಂದು ಈ ಅಂಕಗಳು ಎಲ್ಲಿಂದ ಬಂದವೆಂದು ಹುಡುಕದೆ ಬಿಡಲಿಲ್ಲ. ಸಿನಿಮಾಕ್ಕೆ ನಕ್ಷತ್ರ ಕಟ್ಟುವ ಪದ್ಧತಿಯನ್ನು 1928ರಲ್ಲಿ ನ್ಯೂಯಾರ್ಕಿನ ‘ಡೈಲಿ ನ್ಯೂಸ್’ ಪತ್ರಿಕೆಯಲ್ಲಿ ಐರಿನ್ ಥೈರರ್ ಎಂಬಾಕೆ ಶುರುಮಾಡಿದರು. ಆಗ ಇದ್ದದ್ದು ಮೂರೇ ನಕ್ಷತ್ರ: ಮೂರಾದರೆ ಅತ್ಯುತ್ತಮ, ಎರಡಾದರೆ ಒಳ್ಳೆಯದು, ಒಂದಾದರೆ ಸಾಧಾರಣ. ಆ ಮೂಲ ಅಳತೆಯಲ್ಲಿ ನನ್ನ ಚಿತ್ರ ಸಾಧಾರಣಕ್ಕೂ ಒಳ್ಳೆಯದಕ್ಕೂ ನಟ್ಟನಡುವೆ ಗೌರವದಿಂದ ಕುಳಿತಿರುತ್ತಿತ್ತು. ಕಾಲಾನಂತರ ಸಾಲು ಐದಕ್ಕೆ ಬೆಳೆದು, ಅರ್ಧ ನಕ್ಷತ್ರಗಳೂ ಹುಟ್ಟಿಕೊಂಡದ್ದರಿಂದ ಅದು ಪಾಪಿಷ್ಠವಾಯಿತು.

ನಕ್ಷತ್ರಗಳಿಗಿಂತ ನನ್ನನ್ನು ಹೆಚ್ಚು ಸೆಳೆದದ್ದು ಟೊಮ್ಯಾಟೊ. ಅಮೆರಿಕದಲ್ಲಿ 1998ರಲ್ಲಿ ಆರಂಭವಾದ ‘ರಾಟನ್ ಟೊಮ್ಯಾಟೋಸ್’, ಅಂದರೆ ಕೊಳೆತ ಟೊಮ್ಯಾಟೊ, ಎಂಬುದರ ಅಂಕವನ್ನು ನನ್ನ ಮಗ ಬೆಂಗಳೂರಿನಿಂದ ಫೋನು ಮಾಡಿ ವೇದವಾಕ್ಯದಂತೆ ಓದಿ ಹೇಳುತ್ತಾನೆ. ನೂರಕ್ಕೆ ಅರವತ್ತಕ್ಕಿಂತ ಕಡಿಮೆ ಬಂದರೆ ಆ ಚಿತ್ರ ಕೊಳೆತದ್ದು. ಈ ಅರವತ್ತು ಯಾವುದರ ಅರವತ್ತೆಂದು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ನಾನು ಓದಿಕೊಂಡು ಅವನಿಗೆ ಹೇಳಬೇಕಾಯಿತು. ಅದು ಚಿತ್ರದ ಗುಣಕ್ಕೆ ಕೊಟ್ಟ ಅಂಕವಲ್ಲ, ಕೈಯೆತ್ತಿದವರ ಲೆಕ್ಕ. ಹತ್ತು ವಿಮರ್ಶಕರು ಕುಳಿತು ಹತ್ತೂ ಮಂದಿ ‘ಪರವಾಗಿಲ್ಲ, ನೋಡಬಹುದು’ ಎಂದರೆ ಆ ಚಿತ್ರಕ್ಕೆ ನೂರಕ್ಕೆ ನೂರು. ಅದೇ ಹತ್ತರಲ್ಲಿ ಐವರು ‘ಜನ್ಮದಲ್ಲಿ ಇಂಥದ್ದನ್ನು ನೋಡಿರಲಿಲ್ಲ’ ಎಂದು ಎದೆ ಹಿಡಿದುಕೊಂಡು, ಇನ್ನೈವರು ‘ಸಾಕಪ್ಪಾ’ ಎಂದು ತಲೆ ಹಿಡಿದುಕೊಂಡರೆ ಐವತ್ತು, ಅಂದರೆ ಕೊಳೆತದ್ದು. ಹೀಗೆ, ಯಾರನ್ನೂ ನೋಯಿಸದ, ಯಾರ ನಿದ್ದೆಯನ್ನೂ ಕೆಡಿಸದ, ಕಲ್ಯಾಣಮಂಟಪದ ಅನ್ನ ತಿಳಿಸಾರಿನಂಥ ಚಿತ್ರ ಮೊದಲ ಪಂಕ್ತಿಗೆ ಬರುತ್ತದೆ. ಅರ್ಧ ಊರನ್ನು ಅಳಿಸಿ ಅರ್ಧ ಊರನ್ನು ರೇಗಿಸಿದ್ದು ತಿಪ್ಪೆಗೆ ಬೀಳುತ್ತದೆ. ಇದರ ಹೆಸರು ಮಾತ್ರ ನಮ್ಮ ಸೀಮೆಗೆ ಒಗ್ಗುವುದಿಲ್ಲ. ಕೊಳೆತ ಟೊಮ್ಯಾಟೊವನ್ನು ಕಲಾವಿದನ ಮೇಲೆ ಎಸೆಯುವುದು ಅಲ್ಲಿಯ ರೂಢಿಯಂತೆ. 2023ರ ಜುಲೈನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿ ರೈತರು ರಾತ್ರಿಯೆಲ್ಲ ಹೊಲ ಕಾಯುತ್ತಿದ್ದಾಗ ಎಸೆಯುವ ಧೈರ್ಯ ಇಲ್ಲಿ ಯಾರಿಗಿತ್ತು? ಬೆಲೆ ಕುಸಿದಾಗ ಎಸೆಯುತ್ತಾರೆ, ನಿಜ. ಆದರೆ ಎಸೆಯುವವನು ಪ್ರೇಕ್ಷಕನಲ್ಲ, ಬೆಳೆದವನೇ. ಎಸೆಯುವುದೂ ನಟನ ಮೇಲಲ್ಲ, ರಸ್ತೆಯ ಮೇಲೆ.

ಅಂಕ ಕೊಟ್ಟವರು ಎಡವಿದ ಕಥೆಗಳು ಬೇಕಾದಷ್ಟಿವೆ. ನನ್ನ ಕೇಸಿಗೆ ಅವು ಸಾಕ್ಷಿಯಾಗುವುದಿಲ್ಲವಾದರೂ ಒಂದೆರಡನ್ನು ಹೇಳದಿದ್ದರೆ ನಾಲಿಗೆ ತುರಿಸುತ್ತದೆ. ಬೆಂಗಳೂರಿನ ರೈಲಿನಲ್ಲಿ ರಾಮನಗರ ಬಂತೆಂದರೆ, ಕಡಲೆಕಾಯಿ ತಿನ್ನುತ್ತಿದ್ದವರೂ ಕಿಟಕಿಯತ್ತ ಬಾಗಿ ಬಂಡೆಗಳನ್ನು ತೋರಿಸಿ ಮಕ್ಕಳಿಗೆ ‘ಶೋಲೆ’ಯ ಕಥೆ ಹೇಳುತ್ತಾರೆ. 1975ರ ಆಗಸ್ಟ್ 15ರಂದು ಅದು ತೆರೆಗೆ ಬಂದಾಗ ಮೊದಲ ವಿಮರ್ಶೆಗಳು ಅದನ್ನು ಒಪ್ಪಿರಲಿಲ್ಲ. ಮುಂಬೈನ ಮಿನರ್ವದಲ್ಲಿ ಅದು ಐದು ವರ್ಷ ಓಡಿತು. ಒಂಬತ್ತು ಫಿಲ್ಮ್‌ಫೇರ್ ನಾಮನಿರ್ದೇಶನಗಳಲ್ಲಿ ಅದಕ್ಕೆ ದಕ್ಕಿದ್ದು ಒಂದೇ, ಸಂಕಲನಕ್ಕೆ. ಮೂರು ಗಂಟೆಗೂ ಮೀರಿದ ಚಿತ್ರದಲ್ಲಿ ತೀರ್ಪುಗಾರರ ಮನಸ್ಸಿಗೆ ಬಂದವನು ಕತ್ತರಿ ಹಿಡಿದವನೊಬ್ಬನೇ. ವರ್ಷದ ಅತಿ ಕೆಟ್ಟ ಚಿತ್ರಗಳನ್ನು ಹುಡುಕಿ ‘ಗೋಲ್ಡನ್ ರಾಸ್‌ಬೆರಿ’ ಕೊಡುವವರು 1981ರ ತಮ್ಮ ಮೊದಲ ಸಮಾರಂಭದಲ್ಲಿ ‘ದಿ ಶೈನಿಂಗ್’ ಚಿತ್ರದ ಸ್ಟಾನ್ಲಿ ಕ್ಯೂಬ್ರಿಕ್‌ರನ್ನು ಅತಿ ಕೆಟ್ಟ ನಿರ್ದೇಶಕರ ಪಟ್ಟಿಗೂ, ಶೆಲ್ಲಿ ಡುವಾಲ್‌ರನ್ನು ಅತಿ ಕೆಟ್ಟ ನಟಿಯರ ಪಟ್ಟಿಗೂ ಸೇರಿಸಿದ್ದರು. ಆ ನಟಿಯ ಹೆಸರನ್ನು ಹಿಂದಕ್ಕೆ ತೆಗೆದುಕೊಂಡದ್ದು 2022ರಲ್ಲಿ. ನಮ್ಮ ಕಂದಾಯ ಇಲಾಖೆಯ ತಿದ್ದುಪಡಿಯೂ ಇದಕ್ಕಿಂತ ಬೇಗ ಆಗುತ್ತದೆ.

ಇನ್ನು ನಮ್ಮ ಯಾದವಗಿರಿಯ ಕಥೆ ಇದಕ್ಕೆ ತಿರುಗುಮುರುಗು. ತಮ್ಮ ‘ಗೈಡ್’ ಕಾದಂಬರಿಯನ್ನು ಸಿನಿಮಾ ಮಾಡಲು ಬಂದವರಿಗೆ, ಆ ಬಡಾವಣೆಯಲ್ಲಿ ಮನೆಮಾಡಿದ್ದ ಆರ್.ಕೆ. ನಾರಾಯಣ್ ಮೈಸೂರಿನ ಸುತ್ತಮುತ್ತಲ ಜಾಗಗಳನ್ನು ತೋರಿಸಿ, ಮಾಲ್ಗುಡಿ ಇಲ್ಲೇ ಸಿಗುತ್ತದೆಂದು ನಂಬಿದ್ದರು; ಬಂದವರು ಎಲ್ಲವನ್ನೂ ನೋಡಿ, ತಲೆದೂಗಿ, ರಾಜಸ್ಥಾನಕ್ಕೆ ಹೋಗಿ ಚಿತ್ರೀಕರಿಸಿದರು. ದಾರಿ ತಪ್ಪಿದ ಗೈಡೆಂದು ನಾರಾಯಣ್ ಲೇಖನವನ್ನೇ ಬರೆದರು. ದೇಶ ಮಾತ್ರ ಆ ಚಿತ್ರವನ್ನು ಎದೆಗವಚಿಕೊಂಡಿತು; ಅತ್ಯುತ್ತಮ ಕಥೆಯ ಫಿಲ್ಮ್‌ಫೇರ್ ಪ್ರಶಸ್ತಿ, ತನ್ನ ಕಥೆ ಅದಲ್ಲವೆಂದು ಗೋಗರೆದ ಅದೇ ನಾರಾಯಣರಿಗೆ ಬಂತು. ಮೂಲ ಲೇಖಕನೇ ಕೈಬಿಟ್ಟ ಸಿನಿಮಾವನ್ನು ಇಷ್ಟಪಟ್ಟವರನ್ನು ಆ ಕಾಲದಲ್ಲಿ ಕುಕ್ಕರಹಳ್ಳಿ ಏರಿಯ ಮೇಲೆ ಯಾರಾದರೂ ನಿಲ್ಲಿಸಿ ಕ್ಷೇಮ ವಿಚಾರಿಸಿದ್ದರೋ ಇಲ್ಲವೋ.

ಆದರೆ ಇವುಗಳ ನೆರಳಿನಲ್ಲಿ ನಿಂತು ನನ್ನ ಚಿತ್ರವೂ ಮುಂದೆ ಮೇರುಕೃತಿಯೆನಿಸುತ್ತದೆಂದು ವಾದಿಸಿದರೆ ಅದು ಮೋಸವಾಗುತ್ತದೆ. ಅದು ಎನಿಸುವುದಿಲ್ಲ. ವಿಮರ್ಶಕರು ಪಟ್ಟಿ ಮಾಡಿದ ದೋಷಗಳನ್ನು ಪೆನ್ಸಿಲ್ ಹಿಡಿದು ಒಂದೊಂದಾಗಿ ನೋಡಿದೆ, ಎಲ್ಲವೂ ನಿಜ. ಎರಡು ಸಿಡಿಲುಗಳಲ್ಲಿ ಒಂದು ಹೆಚ್ಚು. ವಿದೇಶದ ಹಾಡು ನಿರ್ಮಾಪಕರ ಪಾಸ್‌ಪೋರ್ಟಿಗೆ ಬೇಕಿತ್ತೇ ಹೊರತು ಕಥೆಗೆ ಬೇಕಿರಲಿಲ್ಲ. ಕೂಡಿಸಿ ಕಳೆದರೆ ಒಂದೂವರೆಯೇ ಬರುತ್ತದೆ. ನನ್ನ ಜಗಳ ಲೆಕ್ಕದ ಮೇಲಲ್ಲ. ಲೆಕ್ಕ ಸರಿಯಿದೆಯೆಂದ ಮೇಲೆ ನಾನು ಅತ್ತದ್ದನ್ನು ವಾಪಸು ಪಡೆಯಬೇಕೆನ್ನುವವರ ಮೇಲೆ. ಜಾತಕ ಕೂಡದೆ ಮದುವೆಯಾಗಿ ನಲವತ್ತು ವರ್ಷ ಸಂಸಾರ ಮಾಡಿದವರನ್ನು ಹಿಡಿದು ನಿಲ್ಲಿಸಿ, ಮೂವತ್ತಾರಕ್ಕೆ ಹನ್ನೆರಡೇ ಗುಣ ಬಂದಿದೆ, ನೀವು ಸುಖವಾಗಿರಲು ಸಾಧ್ಯವೇ ಇಲ್ಲ, ಜ್ಞಾಪಿಸಿಕೊಂಡು ನೋಡಿ ಎನ್ನುವ ಜನರಿವರು.

ನನ್ನ ಪಕ್ಷದವರೆಂದು ಹೇಳಿಕೊಂಡು ಬಂದವರಂತೂ ಇನ್ನೂ ಭಯಂಕರ. ಚಿತ್ರ ಇಷ್ಟವಾದದ್ದನ್ನು ಎಲ್ಲೋ ಒಂದು ಸಾಲು ಬರೆದೆನೆಂದು, ನಾಯಕನ ಅಭಿಮಾನಿಗಳು ನನ್ನನ್ನು ‘ಗುರುಗಳೇ’ ಎಂದು ಕರೆದು, ವಿಮರ್ಶಕರ ಮನೆಯ ಹೆಣ್ಣುಮಕ್ಕಳನ್ನೆಲ್ಲ ನೆನೆಸುವ ತಮ್ಮ ಕಾರ್ಯಕ್ರಮಕ್ಕೆ ನನ್ನನ್ನೂ ಆಹ್ವಾನಿಸಿದರು. ಅವರ ಸಿದ್ಧಾಂತದಲ್ಲಿ ಹೊಗಳಿದ್ದು ವಿಮರ್ಶೆ, ತೆಗಳಿದ್ದು ಕಾಸಿಗೆ ಬರೆದದ್ದು. ಕೇರಳದಲ್ಲಿ ಈ ಜಗಳ ಹೈಕೋರ್ಟಿನವರೆಗೆ ಹೋಗಿ, ಚಿತ್ರ ಬಿಡುಗಡೆಯಾದ 48 ಗಂಟೆಗಳವರೆಗೆ ವ್ಲಾಗರ್‌ಗಳು ವಿಮರ್ಶೆ ಮಾಡದಿರಲೆಂಬ ಸಲಹೆಯನ್ನು ನ್ಯಾಯಾಲಯ ತನ್ನ ನೆರವಿಗೆ ನೇಮಿಸಿಕೊಂಡ ವಕೀಲರಾದ ಅಮಿಕಸ್ ಕ್ಯೂರಿಯೇ 2024ರಲ್ಲಿ ಮುಂದಿಟ್ಟರು. ನಮ್ಮಲ್ಲಿ ಆ ನಿಯಮ ಬಂದರೆ ಉಪಯೋಗವಿಲ್ಲ. 48 ಗಂಟೆ ಕಳೆದು ವಿಮರ್ಶಕ ಬಾಯಿ ತೆರೆಯುವಷ್ಟರಲ್ಲಿ ಕನ್ನಡ ಸಿನಿಮಾ ಎತ್ತಂಗಡಿಯಾಗಿ, ಆ ಪರದೆಯಲ್ಲಿ ಪಕ್ಕದ ರಾಜ್ಯದವರು ಕುಣಿಯುತ್ತಿರುತ್ತಾರೆ.

ಹಿಂದಿನವರು ಈ ತಾಪತ್ರಯವನ್ನು ಸುಲಭವಾಗಿ ಬಗೆಹರಿಸಿಕೊಂಡಿದ್ದರು. ಪತ್ರಿಕೆಯ ವಿಮರ್ಶೆ ಭಾನುವಾರ ಬರುವಷ್ಟರಲ್ಲಿ ಗಾಂಧಿ ಕ್ಲಾಸಿನವರು ಶುಕ್ರವಾರವೇ ಚಿತ್ರ ನೋಡಿ, ಶನಿವಾರ ಅದರ ಹಾಡು ಹೇಳಿ, ಭಾನುವಾರ ಆ ಪತ್ರಿಕೆಯಲ್ಲೇ ಬೋಂಡ ಕಟ್ಟಿಸಿಕೊಂಡು ಎರಡನೆಯ ಸಲ ಹೋಗುತ್ತಿದ್ದರು.

ಎರಡನೆಯ ಸಲಕ್ಕೆ ನಾನು ಪತ್ನಿಯನ್ನು ಕರೆದುಕೊಂಡು ಹೋದದ್ದು ಗುರುವಾರ, ಕೊನೆಯ ದಿನದ ಸಂಜೆಯ ಆಟಕ್ಕೆ. ಹತ್ತು ಟಿಕೆಟಾದರೂ ಹೋಗದಿದ್ದರೆ ಆಟ ಹಾಕುವುದಿಲ್ಲವೆಂದು ಮ್ಯಾನೇಜರು ಮೊದಲೇ ಹೇಳಿದರು. ಕರೆಂಟಿನ ಖರ್ಚೂ ಹುಟ್ಟುವುದಿಲ್ಲವೆಂಬ ಅವರ ಮಾತು ನ್ಯಾಯವೇ. ನಾವು ಒಟ್ಟು ಒಂಬತ್ತು ಮಂದಿ ಮೆಟ್ಟಿಲ ಮೇಲೆ ಕುಳಿತು ಹತ್ತನೆಯವರಿಗಾಗಿ ರಸ್ತೆಯನ್ನು ನೋಡಿದೆವು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಪೋಸ್ಟರಿನ ಮುಂದೆ ನಿಂತರು, ಮೊಬೈಲು ತೆಗೆದರು, ಹೆಬ್ಬೆರಳಾಡಿಸಿದರು, ನಡೆದರು. ಆರೂ ಮುಕ್ಕಾಲಿಗೆ ಹಣ ವಾಪಸಾಯಿತು.

ಯಾರಿಗೂ ಮನೆಗೆ ಹೋಗುವ ಮನಸ್ಸಿರಲಿಲ್ಲ. ಎದುರಿನ ಟೀ ಅಂಗಡಿಯ ಮುಂದೆ ನಿಂತು, ಸಿನಿಮಾ ನೋಡಿರದ ನನ್ನ ಪತ್ನಿಗೆ ನಾನು ಕಥೆ ಹೇಳಲು ಶುರುಮಾಡಿದೆ. ಉಳಿದವರು ಹತ್ತಿರ ಸರಿದು ತಿದ್ದತೊಡಗಿದರು. ಮೈದಾನದ ದೃಶ್ಯ ಬಂದಾಗ ಅವರಲ್ಲೊಬ್ಬ ಹುಡುಗ ನನ್ನನ್ನು ತಡೆದ. ಮಂಡ್ಯದಲ್ಲಿ ಸೋಮವಾರವೇ ಚಿತ್ರ ತೆಗೆದುಬಿಟ್ಟರೆಂದು ಅಲ್ಲಿಂದ ಬಸ್ಸು ಹತ್ತಿ ಬಂದಿದ್ದವನು. ‘ಸಾರ್, ಅದರಲ್ಲೊಂದು ತಪ್ಪಿದೆ. ಹಾರನ್ನನ್ನು ಗಾಳಿಗೆ ಎದುರಾಗಿ ಕಟ್ಟಿದ್ದಾರೆ. ಹಾಗೆ ಯಾರೂ ಕಟ್ಟಲ್ಲ, ದನಿ ದೂರ ಹೋಗಲ್ಲ. ನಮ್ಮಪ್ಪಂದೂ ಮೈಕ್‌ಸೆಟ್ಟೇ,’ ಎಂದ. ಅಷ್ಟು ಜನ ವಿಮರ್ಶಕರ ಪಟ್ಟಿಯಲ್ಲಿ ಇಲ್ಲದ ದೋಷವದು. ಹೇಳಿದವನು ಅದಕ್ಕಾಗಿಯೇ ಮೂರನೆಯ ಸಲ ಬಂದವನಂತೆ ಕಂಡ.

ಅಂಗಡಿಯವನು ಹಾಲು ಕಾಯಲಿಟ್ಟು ಎಷ್ಟು ಟೀ ಎಂದು ಕೇಳಿದ. ರಾತ್ರಿ ನಿದ್ದೆ ಕೆಡುತ್ತದೆಂದು ನನ್ನ ಪತ್ನಿ ಎಲ್ಲರಿಗೂ ಬೈಟೂ ಸಾಕೆಂದಳು. ಒಂಬತ್ತು ಮಂದಿಯನ್ನು ಅವನು ಬೆರಳಿನಲ್ಲಿ ಎಣಿಸಿ, ಒಳಗಿದ್ದ ಹುಡುಗನಿಗೆ ರಸ್ತೆಗೆಲ್ಲ ಕೇಳುವಂತೆ ಕೂಗಿ ಹೇಳಿದ: ‘ಸಿನಿಮಾದವರಿಗೆ ನಾಲ್ಕೂವರೆ!’